ಗಾಜಿನ ಕೋಣೆಯೊಳಗಿನ ಕಂಪ್ಯೂಟರ್

ಮರ ಕೆತ್ತುವ ಅಂಗಡಿಗಳಲ್ಲಿ ಕಂಪ್ಯೂಟರ್ ಬಿಚ್ಚುವ ಮುಂಚೆ ನಾನು ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತೇನೆ. ಒಳಗೆ ಏನಿರುತ್ತದೆಂದು ಚೆನ್ನಾಗಿ ಗೊತ್ತಿದೆ. ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಎಂಡಿಎಫ್ ಹಲಗೆಯ ಹಿಟ್ಟಿನಂಥ ಧೂಳು ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಂಡು ಹಳೇ ಕಂಬಳಿಯ ಹಾಗೆ ಗಟ್ಟಿಯಾಗಿರುತ್ತದೆ. ಅದರೊಳಗೆ ಹಲ್ಲಿಯ ಮೊಟ್ಟೆ, ಜಿರಲೆಯ ಕಾಲು, ಒಮ್ಮೊಮ್ಮೆ ಕರೆಂಟು ಹೊಡೆದು ಒಣಗಿಹೋದ ಹಲ್ಲಿ. ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದರೆ ಅಡಿಕೆ ಚೂರು, ಕಡಿದು ಉಗುಳಿದ ಉಗುರು, ಮಂಡಕ್ಕಿ ಉದುರುತ್ತವೆ. ಗುಟ್ಕಾ ಅಗಿಯುವವನು ಕೂರುವ ಕಡೆಯಾದರೆ ಕೆಲವು ಕೀಲಿಗಳು ಅಂಟಿಕೊಂಡು ಮೇಲೇಳುವುದೇ ಇಲ್ಲ. ಅವನ್ನು ಬೆರಳಿನಿಂದಲೇ ಎತ್ತಬೇಕು. ಎಷ್ಟು ವರ್ಷವಾದರೂ ರೂಢಿಯಾಗಿಲ್ಲ.

ನಾನಿರುವುದು ಮಸ್ಕಿಯಲ್ಲಿ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ಈ ಯಂತ್ರಗಳನ್ನು ಮಾರುವವರ ಬಳಿ ದುಡಿದು, ಆಮೇಲೆ ಸ್ವಂತವಾಗಿ ರಿಪೇರಿಗೆ ನಿಂತೆ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರೂ ಕಡೆ ಬೈಕಿನ ಮೇಲೆ ಓಡಾಟ. ಕಾಲುವೆ ಸೀಮೆಯಲ್ಲಿ ಹೊಸ ಮನೆಗಳು ಏಳುತ್ತಿವೆ, ಪ್ರತಿ ಮನೆಗೂ ಕೆತ್ತನೆಯ ಬಾಗಿಲು, ದೇವರಕೋಣೆಗೆ ತೂತುತೂತಾಗಿ ಕೊರೆದ ಜಾಲಿ ಬೇಕು. ಮೊದಲು ಬಡಿಗರು ಉಳಿ ಹಿಡಿದು ಮಾಡುತ್ತಿದ್ದುದನ್ನು ಈಗ ಮಂಚದಷ್ಟು ಅಗಲದ ಸಿಎನ್‌ಸಿ ಯಂತ್ರ ಮಾಡುತ್ತದೆ. ಕಂಪ್ಯೂಟರಿನಲ್ಲಿ ಚಿತ್ರ ಹಾಕಿ, ಯಾವ ಬಿಟ್ಟು, ಅಂದರೆ ಕೊರೆಯುವ ಅಲಗು, ಎಲ್ಲಿ ಎಷ್ಟು ಆಳ ಇಳಿಯಬೇಕೆಂದು ಸಾಫ್ಟ್‌ವೇರಿಗೆ ಹೇಳಿದರೆ, ಅದು ದಾರಿ ಬರೆದುಕೊಡುತ್ತದೆ. ಯಂತ್ರ ಆ ದಾರಿ ಹಿಡಿದು ಕೊರೆಯುತ್ತ ಹೋಗುತ್ತದೆ.

ಕೆಲಸ ಒಳ್ಳೆಯದೇ. ಅದನ್ನು ಮಾಡುವ ರೀತಿ ಮಾತ್ರ ಹೇಸಿಗೆ. ಈ ಮೂರು ಊರುಗಳ ಅಂಗಡಿಗಳಲ್ಲಿ ಚಿತ್ರ ಬರೆಯಬಲ್ಲವರು ತೀರ ಕಡಿಮೆ. ಯಾರೋ ಎಲ್ಲಿಂದಲೋ ಕದ್ದು ತುಂಬಿಕೊಟ್ಟ ಒಂದು ಪೆನ್‌ಡ್ರೈವ್ ಕೈಯಿಂದ ಕೈಗೆ ತಿರುಗುತ್ತದೆ. ಹಾಗಾಗಿ ಅದೇ ನವಿಲು, ಅದೇ ಕಳಶ, ಸೊಂಡಿಲು ಎತ್ತಿದ ಅದೇ ಆನೆ ಎಲ್ಲರ ಬಾಗಿಲ ಮೇಲೂ. ಸಾಫ್ಟ್‌ವೇರೂ ಕದ್ದದ್ದು. ಅದನ್ನು ಹಾಕಲು ಆ್ಯಂಟಿವೈರಸ್ ತೆಗೆಯಬೇಕು, ತೆಗೆದ ಮೇಲೆ ಪೆನ್‌ಡ್ರೈವಿನ ರೋಗವೆಲ್ಲ ಒಳಗೆ. ಒಬ್ಬರ ಅಂಗಡಿಯಲ್ಲಿ ಅಂಥ ಸಾಫ್ಟ್‌ವೇರ್ ಬರೆದ ದಾರಿಯಲ್ಲಿ ಬಿಟ್ಟನ್ನು ಮೇಲೆತ್ತುವ ಆದೇಶದ ಒಂದು ಸಾಲೇ ತಪ್ಪಿಹೋಗಿ, ಸಾಗವಾನಿ ಬಾಗಿಲಿನ ನಟ್ಟನಡುವೆ, ದೇವಿಯ ಮುಖದ ಮೇಲೆ ಅಡ್ಡಕ್ಕೆ ಗೀರು ಎಳೆದುಬಿಟ್ಟಿತು. ಕೊರೆಯುವ ಮುಂಚೆ ಪರದೆಯ ಮೇಲೆ ಒಮ್ಮೆ ಓಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡುವ ತಾಳ್ಮೆ ಯಾರಿಗೂ ಇಲ್ಲ.

ಬಿಟ್ಟಿನ ಕಥೆಯೂ ಅಷ್ಟೆ. ಮೊಂಡಾದ ಬಿಟ್ಟು ಮರವನ್ನು ಕತ್ತರಿಸುವುದಿಲ್ಲ, ಸುಡುತ್ತದೆ. ಅಂಚು ಕಪ್ಪಾಗಿ ಹೊಗೆ ಎದ್ದರೂ ಅದನ್ನೇ ಓಡಿಸುತ್ತಾರೆ. ಬಿಟ್ಟನ್ನು ಹಿಡಿಯುವ ಕಾಲೆಟ್ಟಿನೊಳಗೆ ಅಂಟು ಮತ್ತು ಧೂಳು ಸೇರಿ ಕಿಟ್ಟ ಕಟ್ಟಿರುತ್ತದೆ. ಬ್ರಷ್ಷಿನಿಂದ ಒರೆಸಿ ಎಂದರೆ ಹೂಂ ಎನ್ನುತ್ತಾರೆ. ಮುಂದಿನ ಸಲ ಹೋದಾಗ ಅದೇ ಕಿಟ್ಟ ಇನ್ನಷ್ಟು ದಪ್ಪ.

ಇದೆಲ್ಲ ಸಹಿಸಬಹುದಾದ ಹೊಲಸು. ನಾನು ಹೇಳಬೇಕೆಂದಿರುವುದು ಲಿಂಗಸುಗೂರಿನ ಒಂದು ಅಂಗಡಿಯಲ್ಲಿ ನಡೆದದ್ದು.

ಅಲ್ಲಿನ ಮಾಲೀಕ ನನಗಿಂತ ಸ್ವಲ್ಪ ದೊಡ್ಡವನು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಬೆಣ್ಣೆ. ಕಂಪ್ಯೂಟರಿನ ಮುಂದೆ ಕೂರುವವನು ಅವನ ಹೆಂಡತಿಯ ತಮ್ಮ, ಸದಾ ಬಾಯಲ್ಲಿ ಗುಟ್ಕಾ. ಮೊದಲ ಸಲ ನನ್ನನ್ನು ಕರೆಸಿದಾಗ ಯಂತ್ರ ಕೊರೆಯುತ್ತಿರುವಾಗಲೇ ನಿಂತುಬಿಡುತ್ತಿತ್ತು. ಯಂತ್ರದ ತೊಲೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು.

"ತಾನಾ ನಿಂತುಬಿಡತೈತ್ರೀ ಸರ್. ಯಾರ್ದೋ ಕಣ್ಣು ಬಿದ್ದೈತಿ" ಎಂದ ಮಾಲೀಕ.

ಕಂಪ್ಯೂಟರ್ ಯಂತ್ರಕ್ಕೆ ಅಂಟಿಕೊಂಡೇ ನೆಲದ ಮೇಲಿತ್ತು. ಬಿಚ್ಚಿದೆ. ಇಲಿಯೊಂದು ಒಳಗೆ ಕಾಗದ, ಹತ್ತಿ, ಧೂಳು ಕೂಡಿಸಿ ಗೂಡು ಕಟ್ಟಿತ್ತು. ಅದರ ಉಚ್ಚೆಗೆ ಬೋರ್ಡಿನ ತುದಿ ಹಸಿರುಗಟ್ಟಿತ್ತು. ಗೂಡನ್ನು ಕಡ್ಡಿಯಿಂದ ಎಳೆದು ಹೊರಗೆ ಹಾಕಿದಾಗ ಮಾಲೀಕ ಮೂಗು ಮುಚ್ಚಿಕೊಂಡು ದೂರ ಸರಿದ. ಅಂದು ನಾನು ಅವನಿಗೆ ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಕಂಪ್ಯೂಟರನ್ನು ಯಂತ್ರದಿಂದ ದೂರ, ಎತ್ತರದಲ್ಲಿ, ಮುಚ್ಚಿದ ಜಾಗದಲ್ಲಿ ಇಡಬೇಕು. ಅರ್ಥಿಂಗ್ ಸರಿಯಾಗಿ ಕೊಡಿಸಬೇಕು. ಯುಪಿಎಸ್ ಬೇಕೇ ಬೇಕು. ಅದರಲ್ಲಿ ಸಿನಿಮಾ ನೋಡಬಾರದು, ಪೆನ್‌ಡ್ರೈವಿನಿಂದ ನೇರವಾಗಿ ಕೆಲಸ ಓಡಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಧೂಳು ತಾಕಬಾರದು. ಯಂತ್ರದ ಜೊತೆ ಬಂದ ಧೂಳು ಎಳೆಯುವ ಮೋಟಾರು, ಅದರ ಬಟ್ಟೆಯ ಚೀಲ ಅಟ್ಟದ ಮೇಲೆ ಪ್ಯಾಕಿಂಗ್ ಸಮೇತ ಕೂತಿದ್ದವು. ಅದನ್ನು ಇಳಿಸಿ ಜೋಡಿಸಿ ಎಂದೂ ಹೇಳಿದೆ.

ಅವನು ಎಲ್ಲದಕ್ಕೂ ತಲೆಯಾಡಿಸಿದ. ಅಚ್ಚರಿಯೆಂದರೆ, ಮಾಡಿಯೂ ತೋರಿಸಿದ.

ಮತ್ತೆ ಹೋದಾಗ ಶೆಡ್ಡಿನ ಮೂಲೆಯಲ್ಲಿ ಗಾಜಿನ ಕೋಣೆ ಎದ್ದಿತ್ತು. ಒಳಗೆ ಎಸಿ, ಟೈಲ್ಸ್, ಹೊಸ ಮೇಜು, ಅದರ ಮೇಲೆ ಕಂಪ್ಯೂಟರ್. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಗೋಡೆಯಲ್ಲಿ ಸಣ್ಣ ದೇವರ ಪಟ.

"ನೀವು ಹೇಳಿದ ಹಂಗ ಮಾಡೀನ್ರೀ ಸರ್" ಎಂದು ಮಾಲೀಕ ಹೆಮ್ಮೆಯಿಂದ ನಿಂತ. "ಒಂದು ಚೂರು ಧೂಳು ಬರಂಗಿಲ್ಲ ನೋಡ್ರಿ ಒಳಗ."

ನಿಜವೇ, ಬರುತ್ತಿರಲಿಲ್ಲ. ಕೋಣೆಗೆ ಬೆನ್ನು ಹಾಕಿ ಒಂದು ದೊಡ್ಡ ಫ್ಯಾನ್ ನಿಲ್ಲಿಸಿದ್ದ. ಅದು ಯಂತ್ರದ ಮೇಲಿನ ಧೂಳನ್ನೆಲ್ಲ ಶೆಡ್ಡಿನ ಹಿಂಭಾಗಕ್ಕೆ ನೂಕುತ್ತಿತ್ತು. ಹಿಂಭಾಗದಲ್ಲಿ, ತಗಡಿನ ಇಳಿಜಾರಿನ ಕೆಳಗೆ, ಇಬ್ಬರು ಹೆಂಗಸರು ನೆಲದ ಮೇಲೆ ಕೂತು ಕೆತ್ತಿದ ಹಲಗೆಗಳನ್ನು ಪಾಲಿಶ್ ಪೇಪರಿನಿಂದ ಉಜ್ಜುತ್ತಿದ್ದರು. ಅವರ ಹುಬ್ಬು, ರೆಪ್ಪೆ, ಸೀರೆಯ ಮಡಿಕೆ ಎಲ್ಲ ಒಂದೇ ಬಣ್ಣ. ಒಂದು ಕ್ಷಣ ಅವರನ್ನೂ ಎಂಡಿಎಫ್ ಹಲಗೆಯಲ್ಲೇ ಕೆತ್ತಿ ಕೂರಿಸಿದಂತೆ ಕಂಡಿತು. ಧೂಳು ಎಳೆಯುವ ಮೋಟಾರು ಇನ್ನೂ ಅಟ್ಟದ ಮೇಲೇ ಇತ್ತು.

"ಅದನ್ಯಾಕ ಹಚ್ಚಿಲ್ಲ?" ಎಂದು ಕೇಳಿದೆ.

"ಕರೆಂಟು ಭಾಳ ತಿಂತೈತಂತ್ರೀ. ಮತ್ತ ಫ್ಯಾನ್ ಐತೆಲ್ಲ."

"ಫ್ಯಾನ್ ಗಾಳಿ ಆ ಹೆಣ್ಮಕ್ಕಳ ಮಾರಿಗೆ ಹೊಡ್ಯಾಕತ್ತೈತಿ."

ಅವನು ಆ ಕಡೆ ನೋಡಲೂ ಇಲ್ಲ. "ಅವ್ರಿಗೆ ರೂಢಿ ಐತಿ ಬಿಡ್ರಿ" ಎಂದ.

ಅಂದು ನಾನೇ ಹೋಗಿ ಫ್ಯಾನಿನ ಮುಖ ಕಿಟಕಿಯ ಕಡೆ ತಿರುಗಿಸಿದೆ. ಮುಂದಿನ ಸಲ ಹೋದಾಗ ಅದು ಮೊದಲಿನ ಹಾಗೇ ಹಿಂಭಾಗಕ್ಕೆ ತಿರುಗಿತ್ತು.

ಬಿಸಿಲುಗಾಲ ಬಂತು. ಸಾಫ್ಟ್‌ವೇರ್ ಹೊಸದಾಗಿ ಹಾಕಬೇಕೆಂದು ಕರೆದಿದ್ದರು. ಅಂದು ಸಿಂಧನೂರಿನ ಒಂದು ಖಾನಾವಳಿಯ ಗೋಡೆಗೆಂದು ಬುದ್ಧನ ಮುಖ ಕೆತ್ತುತ್ತಿದ್ದರು. ಮುಚ್ಚಿದ ಕಣ್ಣು, ಸುರುಳಿ ಕೂದಲು. ಅದೂ ಅದೇ ಪೆನ್‌ಡ್ರೈವಿನದು. ಮಧ್ಯಾಹ್ನ ಮಾಲೀಕ ಊಟಕ್ಕೆ ಮನೆಗೆ ಹೋದ, ಅವನ ಭಾವಮೈದ ಬಿಟ್ಟು ತರಲು ಹೋದ. ನಾನೊಬ್ಬನೇ ಗಾಜಿನ ಕೋಣೆಯಲ್ಲಿದ್ದೆ. ಹೊರಗೆ ತಗಡು ಕಾದು ಚಟಚಟ ಎನ್ನುತ್ತಿತ್ತು. ಆ ಇಬ್ಬರು ಹೆಂಗಸರು ಕೈತೊಳೆದುಕೊಂಡು ಬುತ್ತಿ ಬಿಚ್ಚಲು ನೆರಳು ಹುಡುಕುತ್ತಿದ್ದುದು ಗಾಜಿನಾಚೆ ಕಾಣಿಸಿತು. ಬಾಗಿಲು ತೆಗೆದು ಕರೆದೆ.

"ಯವ್ವಾ, ಒಳಗ ಬಂದು ಕುಂತು ಉಣ್ರಿ."

ಹಿರಿಯಳು ತಲೆಯಾಡಿಸಿದಳು. "ಬ್ಯಾಡಪ್ಪಾ. ಅದು ಧಣೇರ ಖೋಲಿ."

"ಧಣಿ ಇಲ್ಲ. ಬಿಸಲು ನೋಡ್ರಿ, ಬರ್ರಿ."

ಕಿರಿಯಳು ಅವಳ ಸೊಸೆ. ಅವಳೇ ಮೊದಲು ಒಳಗೆ ಕಾಲಿಟ್ಟಳು. ಬಾಗಿಲ ಹೊರಗೆ ಇಬ್ಬರೂ ಸೆರಗು ಝಾಡಿಸಿಕೊಂಡರು, ಕಾಲು ಒರೆಸಿಕೊಂಡರು, ಗೋಡೆ ಬದಿಗೆ ಟೈಲ್ಸಿನ ಮೇಲೆ ಮುದುರಿ ಕೂತರು. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ನನಗೂ ಅರ್ಧ ರೊಟ್ಟಿ ಮುರಿದು ಕೊಟ್ಟರು. ಹಿರಿಯಳಿಗೆ ಎರಡು ತುತ್ತಿಗೊಮ್ಮೆ ಕೆಮ್ಮು ಬರುತ್ತಿತ್ತು. ಕೆಮ್ಮಿ ಸೆರಗಿಗೆ ಒರೆಸಿಕೊಂಡರೆ ಸೆರಗಿನ ಮೇಲೆ ಕಂದು ಕಲೆ ಬೀಳುತ್ತಿತ್ತು. ನಾನು ಬೇರೆ ಕಡೆ ನೋಡಿದೆ.

"ಯಾವೂರಪ್ಪಾ ನಿಂದು?" ಎಂದು ಕೇಳಿದಳು.

"ಸಂತೆಕಲ್ಲೂರವ್ವಾ. ಈಗ ಮಸ್ಕ್ಯಾಗ ಅದೀವಿ."

"ಸಂತೆಕಲ್ಲೂರಾಗ ಯಾರ ಪೈಕಿ? ನಮ್ದು ಪಾಮನಕಲ್ಲೂರು."

ನನ್ನ ಅಜ್ಜಿಯ ಹೆಸರು ಹೇಳಿದೆ. ಅವಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಆಕಿ ಮೊಮ್ಮಗನಾ ನೀ? ನಮ್ಮತ್ತಿ ಕೂಡ ಕಳೆ ತಗ್ಯಾಕ ಬರ್ತಿದ್ಲಲ್ಲೋ ಆಕಿ! ನಿಮ್ಮಪ್ಪ ಸಾಲ್ಯಾಗ ನೌಕರಿ ಮಾಡ್ತಿದ್ದ, ಹೌದಿಲ್ಲ?" ಆಮೇಲೆ ದನಿ ತಗ್ಗಿಸಿ, "ಈ ಧಣಿಗೆ ಗೊತ್ತೈತೇನು ನೀ ನಮ್ಮಂವಾ ಅಂತ?"

"ಅಂವ ಕೇಳಿಲ್ಲ, ನಾ ಹೇಳಿಲ್ಲ."

"ಕೇಳಲಾರ್ದ ಬಿಡೋ ಪೈಕಿ ಅಲ್ಲ ಅಂವ. ನಿನ್ನ ಅಂಗಿ, ಲ್ಯಾಪ್‌ಟಾಪು ನೋಡಿ ತಾನಾ ಏನೋ ತಿಳ್ಕೊಂಡಾನ" ಎಂದು ನಕ್ಕಳು. ಗಾಜಿನಾಚೆ ಯಂತ್ರದ ಮೇಲಿದ್ದ ಅರ್ಧ ಮುಖದ ಕಡೆ ಗದ್ದ ತೋರಿಸಿ, "ನಮ್ಮಪ್ಪನ್ನೂ ಕೆತ್ತಾಕತ್ತಾನ ನೋಡು" ಎಂದಳು. ನಮ್ಮ ಎರಡೂ ಮನೆಗಳವರು ಬೌದ್ಧರಾದದ್ದು ನಮ್ಮ ಅಪ್ಪನ ಕಾಲದಲ್ಲಿ. ನಮ್ಮ ಮನೆಯ ಗೋಡೆಯ ಮೇಲೂ ಬುದ್ಧನಿದ್ದಾನೆ, ಇದಕ್ಕಿಂತ ಬಹಳ ಚಿಕ್ಕವನು.

ಅಷ್ಟರಲ್ಲಿ ಮಾಲೀಕ ಬಂದ. ಇಬ್ಬರೂ ದಡಬಡಿಸಿ ಎದ್ದು ಬುತ್ತಿಯನ್ನು ಹಾಗೇ ಸೆರಗಿನಲ್ಲಿ ಮುಚ್ಚಿಕೊಂಡರು. ನಾನೇ ಕರೆದೆನೆಂದು ಹೇಳಿದೆ. ಅವನು ಬೈಯಲಿಲ್ಲ. ಬಾಗಿಲ ಹೊರಗೇ ನಿಂತು, "ಊಟ ಆತೇನು? ಆಗ್ಲಿ, ಆಗ್ಲಿ" ಎಂದ. ಮುಖದಲ್ಲಿ ನಗು ಕೂಡ ಇತ್ತು. ಅವರು ಹೊರಗೆ ಹೋಗುವವರೆಗೂ ಅವನು ಒಳಗೆ ಕಾಲಿಡಲಿಲ್ಲ ಎಂಬುದು ನನಗೆ ಆಮೇಲೆ ನೆನಪಾಯಿತು. ಆಗ ಮಾತ್ರ, ಪರವಾಗಿಲ್ಲ ಮನುಷ್ಯ ಎಂದುಕೊಂಡೇ ಹೊರಟೆ.

ಸ್ವಲ್ಪ ದಿನಕ್ಕೆ ಫೋನ್ ಬಂತು. ಕೀಬೋರ್ಡ್ ಕೆಲಸ ಮಾಡುತ್ತಿಲ್ಲ, ಕಂಪ್ಯೂಟರ್ ಚಾಲೂ ಆಗುತ್ತಲೇ ಆರಿಹೋಗುತ್ತದೆ, ಜಲ್ದಿ ಬರಬೇಕು. ಹೋದೆ. ಶೆಡ್ಡಿನ ಹಿಂದೆ ಬೇರೆ ಇಬ್ಬರು ಹೆಂಗಸರು ಉಜ್ಜುತ್ತಿದ್ದರು. ಬುದ್ಧನ ಹಲಗೆ ಪಾಲಿಶ್ ಆಗಿ, ಪ್ಲಾಸ್ಟಿಕ್ ಸುತ್ತಿಕೊಂಡು ಗೋಡೆಗೆ ಒರಗಿತ್ತು. ಗಾಜಿನ ಕೋಣೆಯ ಬಾಗಿಲು ತೆಗೆದೊಡನೆ ಮೂಗಿಗೆ ಏನೋ ಚುರ್ ಎಂದು ಹೊಡೆಯಿತು. ಊದುಬತ್ತಿಯ ವಾಸನೆಯ ಕೆಳಗೆ ಇನ್ನೊಂದು ವಾಸನೆ. ಇಲಿ ಇರಬೇಕೆಂದುಕೊಂಡೆ. ಕೀಬೋರ್ಡಿನ ಸ್ಕ್ರೂ ಬಿಚ್ಚಿ ಎರಡು ಹೋಳು ಮಾಡಿದೆ. ಒಳಗಿನ ತೆಳು ಹಾಳೆಗಳು ಹಳದಿಗಟ್ಟಿ ಒಂದಕ್ಕೊಂದು ಅಂಟಿದ್ದವು. ಕಂಪ್ಯೂಟರಿನ ನೆತ್ತಿಯ ಮೇಲಿನ ಗಾಳಿಕಂಡಿಯಿಂದ ಏನೋ ಸೋರಿ ಬೋರ್ಡಿನ ಮೇಲೆ ಗೆರೆಗಳಾಗಿ ಒಣಗಿತ್ತು. ನನ್ನ ಬೆರಳು ಅಂಟಂಟಾದವು.

"ಏನು ಚೆಲ್ಲೀರಿ ಇದರಾಗ?" ಎಂದು ಭಾವಮೈದನನ್ನು ಕೇಳಿದೆ.

ಅವನು ಗುಟ್ಕಾದ ರಸ ಚೆಲ್ಲದಂತೆ ಗದ್ದ ಮೇಲೆತ್ತಿ ಕಿಸಕ್ಕನೆ ನಕ್ಕ. "ಮಾಮಾ ಗಂಜಲ ಸಿಂಪಡ್ಸ್ಯಾರ್ರೀ ಸರ್."

"ಏನು?"

"ಆಕಳ ಗಂಜಲ್ರೀ. ಆವತ್ತು ಆ ಮಂದಿ ಒಳಗ ಬಂದು ಉಂಡ್ರಲ್ರೀ. ಅದಕ್ಕ, ಖೋಲಿ ತುಂಬ ಹೊಡದಾರ. ಕೀಬೋರ್ಡಿಗೆ ಜರಾ ಜಾಸ್ತಿ ಬಿತ್ತು."

ನಾನು ಬೆರಳುಗಳನ್ನು ದೂರ ಹಿಡಿದುಕೊಂಡು ಕೂತೆ. ಇಲಿಯ ಗೂಡು ಎಳೆದ ದಿನವೂ ನನಗೆ ಇಷ್ಟು ವಾಕರಿಕೆ ಬಂದಿರಲಿಲ್ಲ. ಇಲಿ ಏನನ್ನೂ ಶುದ್ಧ ಮಾಡಲು ಬಂದದ್ದಲ್ಲ.

ಮಾಲೀಕ ಒಳಗೆ ಬಂದ. "ರಿಪೇರಿ ಆಗತೈತೇನ್ರೀ ಸರ್?"

"ಆ ಹೆಣ್ಮಕ್ಕಳು ಎಲ್ಲಿ ಹೋದ್ರು?"

"ಯಾರ್ರೀ? ಹಾಂ, ಅವ್ರಾ. ಬಿಡಿಸಿಬಿಟ್ವಿ. ಮುದುಕಿ ಕೆಮ್ಮು ಜಾಸ್ತಿ ಆಗಿತ್ತು."

ನಾನು ಎದ್ದು ನಿಂತೆ. ಮೆಲ್ಲಗೆ ಹೇಳಿದೆ. "ನಾನೂ ಅವರೂ ಒಂದೇ ಮಂದಿ ಅದೀವಿ. ನೀವು ಮೊದಲ ಸಲ ಕರೆಸಿದಾಗಿಂದ ಈ ಕೀಬೋರ್ಡು ನಾ ಮುಟ್ಟೀನಿ, ಈ ಕುರ್ಚ್ಯಾಗ ಕುಂತೀನಿ, ನಿಮ್ಮ ಮನಿ ಚಹಾ ಕುಡದೀನಿ. ಇದಕ್ಕೆಲ್ಲ ಎಷ್ಟು ಕೊಡ ಸಿಂಪಡಿಸ್ತೀರಿ?"

ಅವನು ಸಿಟ್ಟಾಗಬಹುದು, ನಾಚಬಹುದು, ಹೊರಗೆ ಹೋಗು ಎನ್ನಬಹುದು ಎಂದುಕೊಂಡಿದ್ದೆ. ಒಂದು ಗಳಿಗೆ ಅವನ ಕಣ್ಣು ನನ್ನ ಮುಖದ ಮೇಲೆ ಅಲ್ಲಾಡದೆ ನಿಂತಿತು. ಆಮೇಲೆ ಅದೇ ಬೆಣ್ಣೆಯ ನಗು.

"ಛೇ ಛೇ, ನಿಮ್ಮ ಮಾತು ಬ್ಯಾರೇರೀ ಸರ್. ನೀವು ಕಲ್ತವ್ರು, ಸಾಫ್ ಇರ್ತೀರಿ. ನಾವೇನು ಅಂಥಾವೆಲ್ಲ ನೋಡಂಗಿಲ್ರೀ. ಮನ್ಯಾಗ ತಾಯಿಯವ್ರು ಹೇಳಿದ್ರು, ಮಾಡೀವಿ. ಕುಂದರ್ರಿ, ಚಹಾ ತರಸ್ತೀನಿ."

ಬೈದಿದ್ದರೆ ವಾಸಿಯಿತ್ತು. ಅವನು ನನ್ನನ್ನು ಅವರಿಂದ ಬೇರೆ ಎತ್ತಿಟ್ಟು, ಒರೆಸಿ, ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳಲು ನೋಡಿದ. ಅದಕ್ಕೆ ನಾನು ಸಂತೋಷಪಡಬೇಕು ಬೇರೆ! ಹೋಳಾದ ಕೀಬೋರ್ಡನ್ನು ಹಾಗೇ ಮೇಜಿನ ಮೇಲೆ ಬಿಟ್ಟು, ಸ್ಕ್ರೂಗಳನ್ನು ಅದರ ಪಕ್ಕ ಸುರಿದು ಹೊರಬಂದೆ. ಅಂಗಳದಲ್ಲಿ ನೀರಿನ ತೊಟ್ಟಿ ಇತ್ತು. ಅಲ್ಲಿ ಕೈತೊಳೆಯಲು ಮನಸ್ಸು ಒಪ್ಪಲಿಲ್ಲ. ಮಸ್ಕಿ ರಸ್ತೆಯಲ್ಲಿ ಬಹಳ ದೂರ ಬಂದ ಮೇಲೆ, ಹೊಲದ ಬದಿಯ ಒಂದು ಪಂಪ್‌ಸೆಟ್ಟಿನ ಕೆಳಗೆ ಮಣ್ಣು ಹಚ್ಚಿ ತಿಕ್ಕಿ ತೊಳೆದುಕೊಂಡೆ.

ಅವನ ಯಂತ್ರದ ಸೆಟ್ಟಿಂಗುಗಳ ನಕಲು ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಅದಿಲ್ಲದೆ ಹೊಸ ಕಂಪ್ಯೂಟರ್ ಹಾಕಿದರೂ ಯಂತ್ರವನ್ನು ಮೊದಲಿನಿಂದ ಹೊಂದಿಸಬೇಕು, ತಿಳಿಯದವನಾದರೆ ಹೈರಾಣಾಗುತ್ತಾನೆ. ಅವನು ಫೋನ್ ಮಾಡಿ ಕೇಳಿದ. ಅಳಿಸಿಬಿಡೋಣ ಎನಿಸಿತು. ನನ್ನ ಹೆಂಡತಿ, "ಅವನ ವಸ್ತು ಅವನಿಗೆ ಕೊಟ್ಟು ಕೈ ತೊಳ್ಕೋರಿ. ಅದನ್ನ ಮನ್ಯಾಗ ಯಾಕ ಇಟ್ಕೋತೀರಿ?" ಎಂದಳು. ಕಳಿಸಿದೆ. ಅವನು ಕೈಮುಗಿದ ಚಿತ್ರ ಕಳಿಸಿದ. ಅಂದಿನಿಂದ ದಿನಾ ಬೆಳಿಗ್ಗೆ ದೇವರ ಪಟದ ಜೊತೆ ಶುಭೋದಯ ಬರತೊಡಗಿತು, ಅವನ ನಂಬರನ್ನು ಬ್ಲಾಕ್ ಮಾಡುವವರೆಗೂ. ಸಿಂಧನೂರಿನಿಂದ ಬೇರೆ ರಿಪೇರಿಯವನನ್ನು ಕರೆಸಿಕೊಂಡನಂತೆ. ಅಂಗಡಿ ಚೆನ್ನಾಗಿಯೇ ನಡೆದಿದೆ. ಇನ್ನೊಂದು ಯಂತ್ರ ತಂದಿದ್ದಾನೆಂದೂ ಕೇಳಿದೆ.

ಹತ್ತಿ ಬಿಡಿಸುವ ಕಾಲದಲ್ಲಿ ಪಾಮನಕಲ್ಲೂರಿಗೆ ಹೋದೆ. ನಾನು ಒಳಗೆ ಕರೆದದ್ದರಿಂದ ಅವರ ಕೆಲಸ ಹೋಯಿತೆಂಬುದು ಮನಸ್ಸಿಗೆ ಕೊರೆಯುತ್ತಿತ್ತು. ಸೊಸೆ ಹೊಲಕ್ಕೆ ಹೋಗಿದ್ದಳು, ಹಿರಿಯಳು ಕಟ್ಟೆಯ ಮೇಲೆ ಕೂತಿದ್ದಳು. ಮುಖ ತೊಳೆದು ಧೂಳು ಹೋದ ಮೇಲೆ ಬೇರೆಯೇ ಹೆಂಗಸಿನಂತೆ ಕಂಡಳು, ನಾನು ತಿಳಿದಷ್ಟು ಮುದುಕಿಯೂ ಅಲ್ಲ. ಸಿಂಧನೂರಿನ ದವಾಖಾನೆಯಲ್ಲಿ ಬಾಯಿಯಿಂದ ಒಳಗೆಳೆದುಕೊಳ್ಳುವ ಔಷಧಿ ಕೊಟ್ಟಿದ್ದರು. ನಾನು ಸುತ್ತಿ ಬಳಸಿ ಗಂಜಲದ ಮಾತು ಹೇಳಿದೆ. ಅವಳಿಗೆ ನೋವಾಗುತ್ತದೆಂದು ಹೆದರಿದ್ದೆ.

"ಕಂಪ್ಯೂಟರಿಗೆ ಹೊಡದ್ನಾ?" ಎಂದು ಕಣ್ಣರಳಿಸಿದಳು. "ಎಲ್ಲೀ ಹುಚ್ಚಪ್ಪ! ನಮ್ಮ ಮ್ಯಾಲರ ಹೊಡದಿದ್ರ ಒಂದಿಷ್ಟು ಧೂಳು ತೊಳದು ಹೋಗ್ತಿತ್ತು." ನಗಲು ಹೋಗಿ ಕೆಮ್ಮು ಹತ್ತಿ, ಎದೆ ಹಿಡಿದುಕೊಂಡು ಬಾಗಿದಳು. ಸುಧಾರಿಸಿಕೊಂಡ ಮೇಲೆ ಹೇಳಿದಳು, "ನೀ ಕರದದ್ದಕ್ಕ ಬಿಡಿಸ್ಲಿಲ್ಲೋ ತಮ್ಮಾ. ನಾ ಕೆಮ್ಮತಿದ್ನೆಲ್ಲ, ಇವತ್ತಿಲ್ಲಾಂದ್ರ ನಾಳಿ ಬಿಡಿಸ್ತಿದ್ದ. ಒಂದಿನಾರ ತಣ್ಣಗ ಕುಂತು ಉಂಡ್ವಿ ಬಿಡು."

ಈಗ ಎಲ್ಲೇ ಹೋದರೂ ಕಂಪ್ಯೂಟರ್ ನೋಡುವ ಮುಂಚೆ ಉಜ್ಜುವವರು ಎಲ್ಲಿ ಕೂರುತ್ತಾರೆಂದು ನೋಡುತ್ತೇನೆ. ಧೂಳು ಎಳೆಯುವ ಮೋಟಾರು ಹಾಕದಿದ್ದರೆ ಸಾಫ್ಟ್‌ವೇರ್ ಹಾಕುವುದಿಲ್ಲ ಎನ್ನುತ್ತೇನೆ. ಕೆಲವರು ಬೇರೆಯವನನ್ನು ಹುಡುಕಿಕೊಂಡರು. ಮಸ್ಕಿಯ ಅಂಗಡಿಯವನೊಬ್ಬ ಕಂಪ್ಯೂಟರಿಗೆ ಇದರಿಂದೇನು ಉಪಯೋಗ ಎಂದು ನಿಜವಾಗಿಯೂ ಅರ್ಥವಾಗದೆ ಕೇಳಿದ. ಸಿಂಧನೂರಿನಲ್ಲಿ ಒಬ್ಬ ಮಾತ್ರ ಮರುಮಾತಾಡದೆ ಹಾಕಿಸಿದ. ಪೈಪು ಎಳೆದು, ಚೀಲ ಕಟ್ಟಿಸಿ, ಉಜ್ಜುವ ಹೆಂಗಸರನ್ನು ಹೊರಗೆ ಬೇವಿನಮರದ ಕೆಳಗೆ ಕೂರಿಸಿದ. ಅಂತೂ ಒಬ್ಬ ಸಿಕ್ಕ ಎಂದು ಸಮಾಧಾನಪಟ್ಟೆ.

ಮೊನ್ನೆ ಅವನ ಅಂಗಡಿಯಿಂದ ಹೊರಟಾಗ ಹಿತ್ತಲಲ್ಲಿ ಕಪ್ಪು ಹೊಗೆ ಏಳುತ್ತಿತ್ತು. ತುಂಬಿದ ಚೀಲಗಳ ಧೂಳನ್ನು ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದರು. ಹಲಗೆಯ ಅಂಟು ಸುಟ್ಟ ಘಾಟು ಕಣ್ಣು ಉರಿಸುತ್ತಿತ್ತು. ಗಾಳಿ ಬೇವಿನಮರದ ಕಡೆಗೇ ಬೀಸುತ್ತಿತ್ತು. ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡು ಉಜ್ಜುತ್ತಲೇ ಇದ್ದರು. ಬೈಕ್ ನಿಲ್ಲಿಸಿ ಒಳಗೆ ಹೋದೆ. "ಏನ್ರೀ ಸರ್, ಏನರ ಮರ್ತ್ರೇನು?" ಎಂದು ಅವನು ಎದ್ದು ಬಂದ. ನೀರಿನ ಬಕೆಟ್ಟು ಎಲ್ಲಿದೆ ಎಂದು ಕೇಳಿದೆ.